ನೀಲಿ ಉಪ್ಪು

ಓಲೆಸುಂದ್,
ಜೂನ್ 3, 1990

ರಾಗ್ನಕ್ಕಾ,

ಕ್ರಿಸ್‌ಮಸ್ ಕಾರ್ಡಿನಲ್ಲಿ ಎರಡು ಸಾಲು ಗೀಚುವುದನ್ನು ಬಿಟ್ಟರೆ ನಾನು ನಿನಗೆ ಪತ್ರ ಬರೆದು ಎಷ್ಟು ಕಾಲವಾಯಿತೋ. ಲಕೋಟೆ ನೋಡಿದ ಕೂಡಲೇ ಯಾರೋ ಸತ್ತರೆಂದು ಎದೆ ಹಿಡಿದುಕೊಳ್ಳಬೇಡ. ಎಲ್ಲರೂ ಇದ್ದೇವೆ. ಯೋಸ್ತೈನ್ ಮೊದಲಿಗಿಂತ ದಪ್ಪಗಾಗಿದ್ದಾನೆ. ದೋಣಿ ಮಾರಿದ ಮೇಲೆ ದಿನವಿಡೀ ಕಿಟಕಿಯಲ್ಲಿ ಕೂತು ಕಂಡವರ ದೋಣಿಗಳಿಗೆಲ್ಲ ಬುದ್ಧಿ ಹೇಳುತ್ತಿರುತ್ತಾನೆ.

ನನಗೆ ಮಾತ್ರ ಕಿಡ್ನಿಯ ತೊಂದರೆ ಶುರುವಾಗಿದೆ. ಎರಡೂ ದುಡಿದು ದಣಿದಿವೆಯಂತೆ. ಊಟದ ಜೊತೆಗೆ ತೆಗೆದುಕೊಳ್ಳಲು ಡಾಕ್ಟರು ಒಂದು ಪುಡಿ ಕೊಟ್ಟಿದ್ದಾರೆ. ನೋಡಲು ಸಮುದ್ರದಂಡೆಯ ಮರಳು, ತಿನ್ನಲೂ ಅದೇ. "ಇದು ನಿಮ್ಮ ಮೈಗೆ ಸೇರೋದಿಲ್ಲಮ್ಮ," ಎಂದರು. "ಹೊಟ್ಟೆಯೊಳಗೆ ಹೋಗುತ್ತೆ, ನಿಮ್ಮ ಕಿಡ್ನಿ ಹೊರಗೆ ಹಾಕೋಕಾಗದೆ ಇರೋದನ್ನ ಹಿಡ್ಕೊಳ್ಳುತ್ತೆ, ಹಿಡ್ಕೊಂಡು ಹಾಗೇ ಹೊರಟುಹೋಗುತ್ತೆ." "ಒಳ್ಳೇ ನೆಂಟ ಕಣ್ರೀ, ಹೋಗೋವಾಗ ಮನೆ ಕಸಾನೂ ಹೊತ್ಕೊಂಡು ಹೋಗ್ತಾನಲ್ಲ," ಅಂದೆ. ಡಾಕ್ಟರಿಗೆ ನಗು ಬರಲಿಲ್ಲ. ರಾಜಧಾನಿಯ ಕಡೆಯವರು, ಪಾಪ.

ಮೊನ್ನೆ ಪೇಪರಿನಲ್ಲಿ ನಿಮ್ಮ ಬೆಟ್ಟದ ಸುದ್ದಿ ಓದಿದೆ. ಆಡುಗಳಿಗೆ ನೀಲಿ ಉಪ್ಪು ನೆಕ್ಕಿಸುತ್ತಾರಂತೆ. ನಾಲ್ಕು ವರ್ಷದ ಹಿಂದೆ ಚೆರ್ನೋಬಿಲ್‌ನ ಅಣುಸ್ಥಾವರ ಸಿಡಿದಾಗ ಮಳೆಯಲ್ಲಿ ಬಿದ್ದ ಸೀಸಿಯಂ ವಿಷ ಹೊಟ್ಟೆಯಲ್ಲೇ ಆ ನೀಲಿಗೆ ಅಂಟಿಕೊಂಡು, ಹಾಲಿಗೆ ಇಳಿಯದೆ, ಹಿಕ್ಕೆಯಲ್ಲಿ ಹೋಗಿಬಿಡುತ್ತದಂತೆ. ನಾನೂ ನನ್ನ ಅಕ್ಕನ ಆಡುಗಳೂ ಒಂದೇ ಜಾತಿಯ ಮದ್ದಿನ ಮೇಲಿದ್ದೇವೆ ಎಂದು ಯೋಸ್ತೈನ್‌ಗೆ ಹೇಳಿದೆ. "ಅವು ಹಾಲಾದ್ರೂ ಕೊಡ್ತವೆ," ಅಂದ.

ಅಕ್ಕಾ, ಅಪ್ಪ ಬಣ್ಣ ಬಳಿದ ನೀಲಿ ಪೆಟ್ಟಿಗೆ ನನ್ನ ಹತ್ತಿರವೇ ಇದೆ. ನೀನು ಪ್ರತಿ ಸೆಪ್ಟೆಂಬರಿನಲ್ಲಿ ಕಳಿಸುತ್ತಿದ್ದ ಕಂದು ಚೀಸನ್ನು ಅದರಲ್ಲೇ ಇಡುತ್ತಿದ್ದೆ. ಮುಚ್ಚಳ ತೆಗೆದರೆ ಸಾಕು, ಹಟ್ಟಿಯೇ ಮನೆಯೊಳಗೆ ಬಂದು ನಿಲ್ಲುತ್ತಿತ್ತು. ಚೀಸ್ ಬಾರದೆ ಇಷ್ಟು ವರ್ಷವಾಯಿತಲ್ಲ, ಈಗ ಮೂಗನ್ನು ಹಲಗೆಗೆ ಒತ್ತಿ ಹಿಡಿದರೂ ಬರೀ ಮರದ ವಾಸನೆ. ಈ ವರ್ಷವಾದರೂ ಮಾಡುತ್ತೀಯಾ? ಒಂದು ಮುಷ್ಟಿಯಷ್ಟು ಸಾಕು.

ನಿನ್ನ ತಂಗಿ,
ಗೂರೋ


ಲಾಂಗ್‌ಸ್ಟೋಲ್ ಹಟ್ಟಿ, ವಾಲ್ಡ್ರೆಸ್,
ಜೂನ್ 24, 1990

ಗೂರೋ,

ಕಿಡ್ನಿಯ ಸುದ್ದಿಯನ್ನು ನೀನು ನಗುತ್ತ ಬರೆದರೆ ನಾನೂ ನಗುತ್ತ ಓದಬೇಕೇನು? ಮುಂದಿನ ಪತ್ರದಲ್ಲಿ ಡಾಕ್ಟರು ಹೇಳಿದ್ದನ್ನೆಲ್ಲ ಬರೆ. ನಿನ್ನ ಗಂಡ ಹೇಳಿದ್ದು ಬೇಡ.

ಬೇಸಿಗೆ ಮೇಯಿಸಲು ಆಡುಗಳನ್ನು ಊರಿನಿಂದ ಬೆಟ್ಟದ ಹಟ್ಟಿಗೆ ಹತ್ತಿಸಿ ವಾರವಾಯಿತು. ಹಟ್ಟಿಯ ಚಾವಣಿ ಸೋರುತ್ತಿಲ್ಲ, ಒಲೆ ಹೊಗೆ ಕಕ್ಕುತ್ತಿಲ್ಲ, ನನ್ನ ಮಂಡಿಯೂ ಹತ್ತುವಾಗ ಹೆಚ್ಚು ತಕರಾರು ಮಾಡಲಿಲ್ಲ. ತಕರಾರು ಬಂದದ್ದು ನನ್ನ ಮಗನಿಂದ. ಸೇತುವೆ ದಾಟುವಾಗ ಎಂಬ್ರಿಕ್ ನಿಂತ. ಅವನು ವರ್ಷಕ್ಕೆ ಎಷ್ಟು ಮಾತಾಡುತ್ತಾನೋ ಅಷ್ಟನ್ನೂ ಅಲ್ಲೇ ಆಡಿ ಮುಗಿಸಿದ.

"ಅಮ್ಮಾ, ಇದೇ ಕೊನೇ ಬೇಸಿಗೆ. ಹಾಲಿನ ಸೀಸಿಯಂ ಮಿತಿಯೊಳಗೆ ಬರ್ಲಿಲ್ಲ ಅಂದ್ರೆ ಆಡುಗಳನ್ನ ಮಾರಿಬಿಡ್ತೀನಿ."

"ಮಾರಿ ಏನ್ ಮಾಡ್ತೀಯ?"

"ರಸ್ತೆ ಕೆಲಸಕ್ಕೆ ಸೇರ್ಕೋತೀನಿ. ವರ್ಷಾ ವರ್ಷಾ ಹಂದಿಗೆ ಸುರಿಯೋದಕ್ಕೆ ಹಾಲು ಕರೆಯೋ ಕೆಲಸ ನನಗೆ ಬೇಡ."

ಅವನ ಮಾತಿನಲ್ಲಿ ತಪ್ಪೇನಿದೆ? ಬಿಳಿ ಚೀಸಿಗೆ ಅಷ್ಟು ಅಡ್ಡಿಯಿಲ್ಲ ಎನ್ನುತ್ತಾರೆ. ಆದರೆ ಹಾಲು ಒಡೆಸಿ ಗಟ್ಟಿ ತೆಗೆದ ಮೇಲೆ ಉಳಿಯುವ ತಿಳಿಯಲ್ಲೇ ಆ ಹಾಳು ಸೀಸಿಯಂ ಇಳಿದುಕೊಳ್ಳುತ್ತದೆ. ನಾವು ಆ ತಿಳಿಯನ್ನೇ ಬೆಳಗಿನಿಂದ ಸಂಜೆಯವರೆಗೆ ಕುದಿಸಿ ಕುದಿಸಿ ಕಂದು ಚೀಸ್ ಮಾಡುವವರು. ನೀರು ಆವಿಯಾಗಿ ಹೋಗುತ್ತದೆ, ವಿಷ ಮಾತ್ರ ಕಡಾಯಿಯಲ್ಲಿ ಕೂತುಬಿಡುತ್ತದೆ. ಲೋಕದಲ್ಲಿ ಇಷ್ಟೊಂದು ತಿಂಡಿಗಳಿರುವಾಗ ಅದು ನಮ್ಮದನ್ನೇ ಹುಡುಕಿಕೊಂಡು ಬಂತಲ್ಲ ಎಂದು ನನಗೆ ಹೊಟ್ಟೆ ಉರಿಯುತ್ತದೆ.

ನೀಲಿ ಉಪ್ಪು ಬಂದಿರುವುದು ನಿಜ. ಇಟ್ಟಿಗೆಯಂಥ ಗಡ್ಡೆಗಳು. ಎಂಬ್ರಿಕ್ ಒಂದನ್ನು ದೊಡ್ಡಿಯಲ್ಲಿ, ಇನ್ನೊಂದನ್ನು ಆಡುಗಳು ಮಲಗುವ ಬಂಡೆಯ ಹತ್ತಿರ ಕಟ್ಟಿದ. ಕಾಗದ ಬಿಚ್ಚಿದ ಕೂಡಲೇ ನನಗೆ ಗುರುತು ಸಿಕ್ಕಿತು. ಅಪ್ಪನ ಬರ್ಲಿನ್ ನೀಲಿ! ಚಳಿಗಾಲದಲ್ಲಿ ಕೂತು ಊರವರ ಪೆಟ್ಟಿಗೆ, ಕಪಾಟುಗಳಿಗೆಲ್ಲ ಹೂಬಳ್ಳಿ ಬರೆಯುತ್ತಿದ್ದನಲ್ಲ, ಅದೇ ನೀಲಿಯನ್ನು ಈಗ ಆಡಿಗೆ ತಿನ್ನಿಸಬೇಕಂತೆ. ಅಪ್ಪನ ಪೆಟ್ಟಿಗೆ ನಿನ್ನ ಮನೆಗೆ, ಅಪ್ಪನ ನೀಲಿ ನನ್ನ ಆಡುಗಳ ಹೊಟ್ಟೆಗೆ. ಅಮ್ಮ ಸತ್ತಾಗ ಮಾಡಿದ ಪಾಲು ಈಗ ಸರಿಹೋಯಿತು ಅಂದುಕೊಂಡೆ.

ಚೀಸಿನ ಮಾತು ಕೊಡಲಾರೆ. ಆಸೆ ಇಟ್ಟುಕೊಂಡಿರು.

ರಾಗ್ನಾ


ಓಲೆಸುಂದ್,
ಜುಲೈ 10, 1990

ಅಕ್ಕಾ,

ಅಪ್ಪ ನೀಲಿ ಅರೆಯುತ್ತಿದ್ದದ್ದು ನನಗೆ ಕಣ್ಣಿಗೆ ಕಟ್ಟಿದ ಹಾಗಿದೆ. ಚಪ್ಪಟೆ ಕಲ್ಲಿನ ಮೇಲೆ ಚಿಟಿಕೆ ಪುಡಿ, ಅಗಸೆ ಎಣ್ಣೆ, ಗುಂಡುಕಲ್ಲು. ಅರೆಯುವಾಗ ಮಾತಿಲ್ಲ ಕತೆಯಿಲ್ಲ. ಗಡ್ಡದ ತುದಿಯಲ್ಲಿ ಯಾವಾಗಲೂ ಒಂದು ನೀಲಿ ಬೊಟ್ಟು. ನಾನು ಬಗ್ಗಿ ನೋಡಲು ಹೋಗಿ ಜಡೆಯ ತುದಿಯನ್ನು ಅದರಲ್ಲಿ ಅದ್ದಿಕೊಂಡೆನಲ್ಲ, ಅಮ್ಮ ಬೂದಿ ಸಾಬೂನು ಎಲ್ಲ ತಿಕ್ಕಿ ನನ್ನ ತಲೆಯನ್ನೇ ಕಿತ್ತುಹಾಕುವುದರಲ್ಲಿದ್ದಳು. ಅಪ್ಪ ಕತ್ತೆತ್ತಿ ನೋಡಿ, "ಬಿಡೇ, ಆ ನೀಲಿ ಒಂದ್ಸಲ ಹಿಡಿದ್ರೆ ಬಿಡೋ ಪೈಕಿ ಅಲ್ಲ," ಅಂದ. ಕೊನೆಗೆ ಕತ್ತರಿ ಹಾಕಿದವಳು ನೀನು. ಅರ್ಧ ಗೇಣು ಹೆಚ್ಚೇ ಕತ್ತರಿಸಿದೆ, ಬೇಕೆಂದೇ.

ಪೆಟ್ಟಿಗೆಯ ಮಾತು ತೆಗೆದೆಯಲ್ಲ, ಅದಕ್ಕೆ ಬರೆಯುತ್ತೇನೆ. ಅವತ್ತು ನೀನು "ತಗೊಂಡ್ ಹೋಗು" ಅಂದೆ. ಬೇಡ ಎಂದು ನಿನ್ನ ಮುಖ ಹೇಳುತ್ತಿತ್ತು. ನಾನು ಮುಖ ನೋಡಲಿಲ್ಲ, ಮಾತನ್ನಷ್ಟೇ ಕೇಳಿಸಿಕೊಂಡು ಬಸ್ಸಿಗೆ ಹೇರಿಸಿದೆ. ಆಮೇಲೆ ನೀನು ಪ್ರತಿ ವರ್ಷ ಚೀಸ್ ಕಳಿಸುತ್ತ ಬಂದೆ. ಅದರ ಜೊತೆಗೆ ಒಂದು ಸಾಲೂ ಇರುತ್ತಿರಲಿಲ್ಲ. ನಾನು ಅದನ್ನೇ ಪತ್ರ ಎಂದುಕೊಂಡು ತಿಂದೆ.

ಡಾಕ್ಟರು ಹೇಳಿದ್ದನ್ನು ಬರೆ ಅಂದೆಯಲ್ಲ. "ನೋಡೋಣ" ಎಂದರು. ಅಷ್ಟೇ.

ನೀಲಿ ಉಪ್ಪು ಕೆಲಸ ಮಾಡುತ್ತಿದೆಯೇ? ಈಗಲೂ ಸಂಜೆ ಆಡುಗಳನ್ನು ನೀನೇ ಕೂಗಿ ಕರೆಯುತ್ತೀಯಾ? ದನಿ ಇದೆಯೇ?

ಗೂರೋ


ಲಾಂಗ್‌ಸ್ಟೋಲ್ ಹಟ್ಟಿ,
ಜುಲೈ 29, 1990

ಗೂರೋ,

ನನ್ನ ದನಿಗೇನಾಗಿದೆ? ಕೆರೆಯ ಆಚೆ ದಡದ ತೂರಿಡ್‌ಳ ನಾಯಿ ಈಗಲೂ ನನ್ನ ಕರೆಗೆ ಓಗೊಡುತ್ತದೆ.

ಕೆಲಸ ಕೆಟ್ಟಿರುವುದು ಬೇರೆ ಕಡೆ. ತೂರಿಡ್‌ಳ ಆಡುಗಳ ಹಾಲಿನಲ್ಲಿ ಸೀಸಿಯಂ ಅರ್ಧಕ್ಕಿಂತ ಕೆಳಗೆ ಇಳಿದಿದೆ. ನಮ್ಮದು ಹಟ್ಟಿಗೆ ಬಂದಾಗ ಎಷ್ಟಿತ್ತೋ ಅಷ್ಟೇ. ಅದೇ ಬೆಟ್ಟ, ಅದೇ ಹುಲ್ಲು, ಒಂದೇ ಲಾರಿಯಲ್ಲಿ ಬಂದ ನೀಲಿ ಉಪ್ಪು. ಪರೀಕ್ಷೆಯ ಕಾಗದ ಬಂದಾಗಲೆಲ್ಲ ಎಂಬ್ರಿಕ್ ಅದನ್ನು ಮಡಿಸಿ ಕಿಸೆಗೆ ಹಾಕಿಕೊಂಡು ಬೇಲಿ ಸರಿಮಾಡಲು ಹೋಗುತ್ತಾನೆ. ಬೇಲಿ ಇಷ್ಟು ಗಟ್ಟಿಯಾಗಿ ಯಾವತ್ತೂ ಇರಲಿಲ್ಲ.

ಪಶುವೈದ್ಯೆ ಯೋರ್ದಿಸ್ ಬಂದಿದ್ದಳು. ಒಳ್ಳೆಯ ಹುಡುಗಿ, ಕಾಲಿಗೆ ಸರಿಯಾದ ಬೂಟು ಹಾಕಿಕೊಂಡು ಬರುತ್ತಾಳೆ. ಗಡ್ಡೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಅಜ್ಜಿ, ಇದು ಹೊಸದಾ?"

"ಅಲ್ಲಮ್ಮ, ಬಂದಾಗಿಂದ ಇದೇ ಇರೋದು. ನೋಡು, ಮೂಲೆ ಕೂಡ ಸವೆದಿಲ್ಲ, ಎಷ್ಟು ಜೋಪಾನವಾಗಿ ಇಟ್ಟಿದೀನಿ."

"ಅಯ್ಯೋ, ಸವೀಬೇಕು ಅಜ್ಜಿ! ಇವು ನೆಕ್ಕೋದೇ ಇಲ್ವಾ?"

"ನೆಕ್ಕಲ್ಲ ಅಂದ್ರೆ ನಾನೇನ್ ಮಾಡ್ಲಿ? ನೆಕ್ಕಿ ತೋರಿಸ್ಲಾ?"

ಅವಳು ನಕ್ಕಳು. ಎಂಬ್ರಿಕ್ ನಗಲಿಲ್ಲ. ಮೊನ್ನೆ ಹಾಲಿಂಗ್‌ದಾಲ್‌ನಿಂದ ಆಡು ಕೊಳ್ಳುವವನೊಬ್ಬ ಬಂದು ಆಡುಗಳ ಬಾಯಿ ಬಿಡಿಸಿ ಹಲ್ಲು ನೋಡಿ ಹೋದ. ನನಗೆ ಯಾರೂ ಏನೂ ಹೇಳಲಿಲ್ಲ. ಹೇಳಬೇಕಾಗಿಯೂ ಇಲ್ಲ. ಸೆಪ್ಟೆಂಬರಿನಲ್ಲಿ ಇಳಿಯುವಾಗ ನಾನು ಬೀಗ ಹಾಕುವ ಬಾಗಿಲನ್ನು ಮತ್ತೆ ಯಾರೂ ತೆಗೆಯುವುದಿಲ್ಲ, ಗೂರೋ. ಅಮ್ಮ ಇಲ್ಲಿ ಹಾಲು ಕರೆದಳು, ಅವಳ ಅಮ್ಮ ಕರೆದಳು. ಮುಚ್ಚಿದವಳು ರಾಗ್ನಾ ಎಂದಾಗುತ್ತದೆ.

ಮನಸ್ಸಿಗೆ ನೆಮ್ಮದಿ ಸಂಜೆ ಮಾತ್ರ. ಸೊಂಟಕ್ಕೆ ಅಮ್ಮನ ತೊಗಲಿನ ಚೀಲ ಕಟ್ಟಿಕೊಂಡು, ಹಿಟ್ಟು ಬೆರೆಸಿದ ಬಿಳಿ ಉಪ್ಪು ತುಂಬಿಕೊಂಡು, ಬಂಡೆ ಹತ್ತಿ "ಕಿಲ್ಲೇ, ಕಿಲ್ಲೇ, ಬನ್ನಿ!" ಎಂದು ಕರೆಯುತ್ತೇನೆ. ಮೊದಲು ಹಿಂಡಿನ ಹಿರಿಯಾಡು ಡೊಕ್ಕಾಳ ಕೊರಳ ಗಂಟೆ ಕೇಳುತ್ತದೆ, ಆಮೇಲೆ ಇಡೀ ಹಿಂಡು ಇಳಿಜಾರಿನಲ್ಲಿ ಉರುಳಿಕೊಂಡು ಬರುತ್ತದೆ. ಒಬ್ಬೊಬ್ಬರಿಗೂ ಒಂದೊಂದು ಬೊಗಸೆ. ಎಷ್ಟು ತಿಂದರೂ ಬೇಕು, ಅಂಗೈಯನ್ನೇ ತಿಂದುಬಿಡುತ್ತವೇನೋ ಎನ್ನುವ ಹಾಗೆ ನೆಕ್ಕುತ್ತವೆ. ಇದೇ ಕೊನೆಯ ಬೇಸಿಗೆಯಾದರೆ ಅವುಗಳಿಗೂ ಹೊಟ್ಟೆ ತುಂಬಲಿ ಎಂದು ಈಗೀಗ ಎರಡೆರಡು ಬೊಗಸೆ ಕೊಡುತ್ತಿದ್ದೇನೆ.

"ನೋಡೋಣ" ಎಂದರೆ ಏನು? ಡಾಕ್ಟರು ಏನನ್ನು ನೋಡುತ್ತಾರಂತೆ?

ರಾಗ್ನಾ


ಓಲೆಸುಂದ್,
ಆಗಸ್ಟ್ 6, 1990

ಅಕ್ಕಾ,

ನಿನ್ನ ಸಂಜೆಯ ಕರೆಯ ಬಗ್ಗೆ ಓದಿ ನಾನೊಬ್ಬಳೇ ಅಡುಗೆಮನೆಯಲ್ಲಿ ನಕ್ಕೆ. ಆ ಬಂಡೆಯ ಮೇಲೆ ನಿನ್ನ ಮಾನ ಹೋದ ಸಂಜೆ ನೆನಪಿದೆಯೇ? ನೀನು ಮೊದಲ ಸಲ ಅಮ್ಮನ ಚೀಲ ಕಟ್ಟಿಕೊಂಡ ಬೇಸಿಗೆ. ಜಂಬ ಎಂದರೆ ಜಂಬ. ನಾನು ಡಬ್ಬಿಯ ಉಪ್ಪೆಲ್ಲ ಲಂಗದಲ್ಲಿ ಕಟ್ಟಿಕೊಂಡು ಮಧ್ಯಾಹ್ನವೇ ಹೊಳೆಯ ಹತ್ತಿರ ಹೋಗಿ ಹಿಂಡಿಗೆಲ್ಲ ತಿನ್ನಿಸಿಬಿಟ್ಟಿದ್ದೆ. ಸಂಜೆ ನೀನು ಗಂಟಲು ಹರಿದುಹೋಗುವ ಹಾಗೆ ಕರೆದೆ, ಒಂದು ಆಡೂ ತಲೆಯೆತ್ತಲಿಲ್ಲ. ನಾನು ಜುನಿಪರ್ ಪೊದೆಯ ಹಿಂದೆ ಬಾಯಿಗೆ ಲಂಗ ತುರುಕಿಕೊಂಡು ನಗುತ್ತಿದ್ದೆ. ಅಮ್ಮ ನನ್ನ ಕಿವಿ ಹಿಡಿದು ಎಳೆದು ತಂದು ನಿನಗೆ ಹೇಳಿದಳು, "ಅಳ್ಬೇಡ ಕಣೇ, ನಿನ್ನ ದನಿ ಕೆಟ್ಟಿಲ್ಲ. ಹೊಟ್ಟೆ ತುಂಬಾ ಉಪ್ಪು ತಿಂದ ಆಡಿಗೆ ಇನ್ನೊಬ್ಬರ ಉಪ್ಪು ಯಾಕೆ ಬೇಕು?"

ಇಲ್ಲಿಯವರೆಗೆ ಬರೆದು ಕಾಫಿ ಇಡಲು ಎದ್ದೆ. ನೀರು ಕುದಿದು ಉಕ್ಕಿತು, ನಾನು ನೋಡುತ್ತ ನಿಂತುಬಿಟ್ಟೆ.

ಅಕ್ಕಾ, ತೂರಿಡ್ ಆಡುಗಳನ್ನು ಹೇಗೆ ಕರೆಯುತ್ತಾಳೆ? ಅವಳ ಸೊಂಟದಲ್ಲಿ ಚೀಲ ಇದೆಯೇ? ಇರಲಾರದು, ಅವಳ ಅತ್ತೆಯ ಕಾಲದಿಂದಲೂ ಅವರು ನಾಯಿ ಬಿಟ್ಟು ಹೊಡೆದುಕೊಂಡು ಬರುವವರು. ನಿನ್ನ ಆಡುಗಳು ಆ ನೀಲಿ ಗಡ್ಡೆಯ ಕಡೆ ಯಾಕೆ ನೋಡುವುದಿಲ್ಲ ಎಂದು ಇನ್ನೂ ಹೊಳೆಯಲಿಲ್ಲವೇ? ನೀನು ಎರಡೆರಡು ಬೊಗಸೆ ಕೊಡುತ್ತಿದ್ದೀಯಲ್ಲ! ನೀಲಿಗೆ ಅಂಟಬೇಕಾದದ್ದು ಅಂಟುವುದು ನೀಲಿ ಹೊಟ್ಟೆಗೆ ಹೋದರೆ ತಾನೇ? ನಾನು ಹೊಳೆಯ ಹತ್ತಿರ ಮಾಡಿದ ಕೆಲಸವನ್ನು ಈಗ ನೀನು ಬಂಡೆಯ ಮೇಲೆ ನಿಂತು ಮಾಡುತ್ತಿದ್ದೀಯ.

ಚೀಲ ಬಿಚ್ಚಿಡು. ಪತ್ರ ಸಿಕ್ಕಿದ ದಿನವೇ.

ಗೂರೋ


ಲಾಂಗ್‌ಸ್ಟೋಲ್ ಹಟ್ಟಿ,
ಆಗಸ್ಟ್ 12, 1990

ಗೂರೋ,

ಸಮುದ್ರದ ಪಕ್ಕ ಕೂತು ಬೆಟ್ಟದ ಆಡು ಕಾಯಬೇಡ. ನಿನ್ನ ಮೀನು ನೋಡಿಕೋ.

ನಮ್ಮ ಕಡೆ ಹಟ್ಟಿಯ ಹೆಂಗಸಿಗೆ ಇರುವುದು ಒಂದೇ ಮರ್ಯಾದೆ. ಅವಳ ಕರೆ ಸುಳ್ಳಾಗಬಾರದು. ಬರಿಗೈ ಚಾಚಿ ಪ್ರಾಣಿಯನ್ನು ಕರೆದವಳನ್ನು ಅಮ್ಮ ಏನೆಂದು ಕರೆಯುತ್ತಿದ್ದಳು? ಕಳ್ಳಿ. ನೀನು ಮರೆತಿರಬಹುದು, ಬೇಗ ಇಳಿದುಹೋದವಳು. ನಾನು ಮದುವೆಯಾಗಿ, ಗಂಡನನ್ನು ಮಣ್ಣುಮಾಡಿ, ಮಗನನ್ನು ಬೆಳೆಸಿ, ಈ ಬಂಡೆಯ ಮೇಲೆ ಒಂದು ಸಂಜೆಯೂ ಆ ಕೆಲಸ ಮಾಡಿದವಳಲ್ಲ. ಇದು ಕೊನೆಯ ಬೇಸಿಗೆಯೇ ಆಗಿದ್ದರೆ ಕೊನೆಯ ಬೇಸಿಗೆಯಲ್ಲಿ ಅವುಗಳಿಗೆ ಮೋಸ ಮಾಡಲೇ?

ಪೆಟ್ಟಿಗೆ ಕೊಟ್ಟೆ. ಚೀಲ ಕೇಳಬೇಡ.

ರಾಗ್ನಾ


ಓಲೆಸುಂದ್,
ಆಗಸ್ಟ್ 17, 1990

ಅಕ್ಕಾ,

ಬೈದದ್ದು ತಲುಪಿತು. ಬೇಗ ಇಳಿದುಹೋದವಳು ಎಂದದ್ದು ಸ್ವಲ್ಪ ಚುಚ್ಚಿತು. ಇರಲಿ.

ನಮ್ಮ ಮನೆಯದೊಂದು ಸುದ್ದಿ ಹೇಳುತ್ತೇನೆ. ಕಳೆದ ತಿಂಗಳು ನನ್ನ ರಕ್ತ ಪರೀಕ್ಷೆ ಕೆಟ್ಟು ಕೂತಿತ್ತು. ಪುಡಿ ಬಿಡದೆ ತೆಗೆದುಕೊಳ್ಳುತ್ತಿದ್ದೆ, ಆದರೂ ನನ್ನ ಕಿಡ್ನಿಗೆ ಆಗದ ಉಪ್ಪು ರಕ್ತದಲ್ಲಿ ಏರುತ್ತಲೇ ಇತ್ತು. ಡಾಕ್ಟರು ನಿಮ್ಮ ಯೋರ್ದಿಸ್ ಗಡ್ಡೆ ನೋಡಿದ ಹಾಗೆ ನನ್ನನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ನರ್ಸಮ್ಮ ಯೋಸ್ತೈನ್‌ನನ್ನು ಕೂರಿಸಿಕೊಂಡು, "ಮನೇಲಿ ಅಡುಗೆ ಯಾರು ಮಾಡೋದು? ಆಲೂಗಡ್ಡೆ ಎಷ್ಟು ಹಾಕ್ತೀರಾ?" ಎಂದು ಕೇಳಿದಳು. ಅವನು ಕೆಂಪಾದ. ಆಲೂಗಡ್ಡೆಯಲ್ಲಿ ಅದೇ ಉಪ್ಪಿದೆ, ನನಗೆ ಕೂಡದು ಎಂದು ಗೊತ್ತಿದ್ದೂ, ದಿನಾ ಮೀನಿನ ಅಡಿಯಲ್ಲಿ ಬೆಣ್ಣೆ ಹಚ್ಚಿದ ಎರಡು ಹೋಳು ಬಚ್ಚಿಟ್ಟು ಕೊಡುತ್ತಿದ್ದ. ನಾನೂ ಏನೂ ಗೊತ್ತಿಲ್ಲದವಳ ಹಾಗೆ ತಿನ್ನುತ್ತಿದ್ದೆ. "ಅವಳಿಗೆ ಇಷ್ಟ ಕಣ್ರೀ," ಅಂದ ಅವನು ನರ್ಸಮ್ಮನಿಗೆ, "ಇಷ್ಟವಾದದ್ದನ್ನೂ ಕೊಡಬಾರದು ಅಂದ್ರೆ ನಾನು ಮತ್ತೇನು ಕೊಡ್ಲಿ?"

ಪುಡಿ ಪಾಪ ಎಷ್ಟನ್ನು ಹಿಡಿಯುತ್ತದೆ? ಒಂದು ಕೈ ಹಿಡಿಯುವುದು, ಇನ್ನೊಂದು ಕೈ ಸುರಿಯುವುದು.

ಈಗ ಅವನು ತಟ್ಟೆಯನ್ನು ನನ್ನ ಮುಂದೆ ಇಟ್ಟು ಕಿಟಕಿಯ ಕಡೆ ತಿರುಗಿ ಕೂರುತ್ತಾನೆ. ಆಲೂಗಡ್ಡೆ ಇಲ್ಲದ ತಟ್ಟೆಯನ್ನು ಕೊಡಲು ಅವನಿಗೆ ಎಷ್ಟು ಕಷ್ಟ ಎಂದು ನನಗೆ ಗೊತ್ತು. ಅದಕ್ಕೇ ಹೇಳುತ್ತಿದ್ದೇನೆ ಅಕ್ಕಾ, ಅವನ ಬರಿಗೈಯನ್ನು ನಾನು ಮೋಸ ಎಂದುಕೊಂಡಿಲ್ಲ.

ಇನ್ನು ಈ ವಿಷಯ ಎತ್ತುವುದಿಲ್ಲ.

ಗೂರೋ


ಲಾಂಗ್‌ಸ್ಟೋಲ್ ಹಟ್ಟಿ,
ಸೆಪ್ಟೆಂಬರ್ 16, 1990

ಗೂರೋ,

ಇಷ್ಟು ದಿನ ಬರೆಯಲಿಲ್ಲ. ಬರೆಯಲು ಕೈ ಬರಲಿಲ್ಲ.

ನಿನ್ನ ಪತ್ರ ಓದಿದ ಸಂಜೆ ಚೀಲವನ್ನು ಬಿಚ್ಚಿ ತೊಲೆಯ ಮೊಳೆಗೆ ನೇತುಹಾಕಿದೆ. ಸೊಂಟ ಹಗುರವಾಗಿ ನಡಿಗೆಯೇ ತಪ್ಪಿದ ಹಾಗಾಯಿತು. ಬಂಡೆ ಹತ್ತಿ ಕರೆದೆ. ಬಂದವು. ಅಂಗೈ ಬಿಚ್ಚಿದೆ. ಡೊಕ್ಕಾ ಮೂಸಿ ನೋಡಿದಳು, ಇನ್ನೊಂದು ಕೈ ಮೂಸಿದಳು, ಏಪ್ರನ್ನಿನ ಕಿಸೆಗೆ ಮೂತಿ ತೂರಿಸಿದಳು, ಏನೂ ಸಿಗದೆ ದಾರವನ್ನು ಕಚ್ಚಿ ಎಳೆದು ಹರಿದುಹಾಕಿದಳು. ಆಮೇಲೆ ನನ್ನ ಮುಖ ನೋಡಿದಳು. ಆಡುಗಳ ಕಣ್ಣು ನಿನಗೆ ಗೊತ್ತಲ್ಲ, ಅಡ್ಡಕ್ಕೆ ಸೀಳಿದ ಹಾಗಿರುತ್ತವೆ, ಅವುಗಳಲ್ಲಿ ಏನಿದೆ ಎಂದು ಓದಲಾಗುವುದಿಲ್ಲ. ನನಗೆ ಓದಲು ಬಂತು. ಕಳ್ಳಿ ಎಂದಿತ್ತು. ನಾನು ಬಂಡೆಯ ಮೇಲೆ ಕೂತು ಅತ್ತೆ. ಗಂಡ ಸತ್ತಾಗಲೂ ಹೊರಗೆ ಕೂತು ಅತ್ತವಳಲ್ಲ.

ಮಾರನೆಯ ದಿನ ಅರ್ಧ ಹಿಂಡು ಬಂತು. ಆಮೇಲೆ ಇನ್ನೂ ಕಡಿಮೆ. ಎಂಬ್ರಿಕ್ ಉಳಿದವನ್ನು ಹೊಡೆದುಕೊಂಡು ಬರುತ್ತಿದ್ದ. ನಾನು ಕರೆಯುವುದನ್ನು ಬಿಡಲಿಲ್ಲ. ಬರಿಗೈಯಾದರೂ ಕರೆ ನನ್ನದೇ ಅಲ್ಲವೇ?

ಹೀಗೆ ಒಂದು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಹಾಲು ಕರೆಯಲು ಕೂತರೆ ಗ್ರೋಸಿ ಆಡಿನ ಮೂತಿಯೆಲ್ಲ ನೀಲಿ. ಪಕ್ಕದವಳದೂ ನೀಲಿ. ಮರಿಗಳ ನಾಲಗೆ ನೀಲಿ. ಶಾಯಿ ದೌತಿಯೊಳಗೆ ಮುಖ ಹಾಕಿ ಬಂದ ಶಾಲೆಯ ಮಕ್ಕಳ ಹಾಗೆ ಸಾಲಾಗಿ ನಿಂತಿದ್ದವು. ದೊಡ್ಡಿಗೆ ಹೋಗಿ ನೋಡಿದೆ. ಗಡ್ಡೆಯ ಮೂಲೆಗಳೆಲ್ಲ ಹೋಗಿ ನಡುವೆ ಗುಳಿ ಬಿದ್ದಿತ್ತು. ಹಿಕ್ಕೆಯೂ ಹಸಿರು ನೀಲಿ. ಜೀವಮಾನದಲ್ಲಿ ಹಿಕ್ಕೆ ನೋಡಿ ಇಷ್ಟು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು.

ಅವತ್ತು ಸಂಜೆ ಕರೆದೆ. ಡೊಕ್ಕಾಳ ಗಂಟೆ ಕೇಳಿಸಿತು. ಇಡೀ ಹಿಂಡು ಅವಳ ಹಿಂದೆ. ನನ್ನ ಹತ್ತಿರ ಏನೂ ಇಲ್ಲ ಎಂದು ಅವಳಿಗೆ ಗೊತ್ತು. ಆದರೂ ಬಂದು ಅಂಗೈಗೆ ಮೂತಿ ಇಟ್ಟು ನಿಂತಳು. ಬೆವರಿನ ಉಪ್ಪಾದರೂ ಇರುತ್ತದಲ್ಲ, ಅದನ್ನು ನೆಕ್ಕಿದಳು. ಅಂಗೈ ಪೂರ್ತಿ ನೀಲಿಯಾಯಿತು. ಬೂದಿ ಹಾಕಿ ತಿಕ್ಕಿದೆ, ಹೋಗಲಿಲ್ಲ. ಗೆರೆಗಳಲ್ಲಿ ಈಗಲೂ ಇದೆ. ಅಪ್ಪ ಹೇಳಿದ್ದು ಸರಿ, ಅದು ಬಿಡುವ ಪೈಕಿ ಅಲ್ಲ.

ಈ ತಿಂಗಳ ಮೊದಲಲ್ಲಿ ಎಂಬ್ರಿಕ್ ಕೆಳಗಿನಿಂದ ಹತ್ತಿ ಬಂದ. ನಾನು ಗಟ್ಟಿ ತೆಗೆದು, ಎಂದಿನಂತೆ ತಿಳಿಯ ಬಕೀಟನ್ನು ಹಂದಿಗಳಿಗೆಂದು ಎತ್ತಿಕೊಂಡಿದ್ದೆ. ಅವನು ದೂರದಿಂದಲೇ ಕೂಗಿದ.

"ಅಮ್ಮಾ, ಚೆಲ್ಬೇಡ!"

"ಏನೋ?"

"ತಿಳಿ ಚೆಲ್ಬೇಡ. ಇಡು ಕೆಳಗೆ. ಒಲೆ ಹಚ್ತೀನಿ."

ಅಷ್ಟೇ ಹೇಳಿದ್ದು ಅವನು. ಪರೀಕ್ಷೆಯ ಕಾಗದ ತೋರಿಸಲೂ ಇಲ್ಲ, ನಾನು ಕೇಳಲೂ ಇಲ್ಲ. ಕಡಾಯಿಗೆ ತುಕ್ಕು ಹಿಡಿದಿತ್ತು, ಇಬ್ಬರೂ ಮರಳು ಹಾಕಿ ಉಜ್ಜಿದೆವು. ಸಂಜೆಯವರೆಗೆ ಸರದಿಯಲ್ಲಿ ತಿರುವಿದೆವು. ಮಧ್ಯಾಹ್ನ ದಾಟಿ ಅದು ಕಂದು ಬಣ್ಣಕ್ಕೆ ತಿರುಗಿ, ಆ ವಾಸನೆ ಬಾಗಿಲಿನಿಂದ ಹೊರಗೆ ಹೋಯಿತು ನೋಡು. ಕೆರೆಯ ಆಚೆ ತೂರಿಡ್ ಹೊರಗೆ ಬಂದು ನಿಂತು ಕೈ ಬೀಸಿದಳು. ಆ ಹಾಲಿಂಗ್‌ದಾಲ್‌ನವನಿಗೆ ಎಂಬ್ರಿಕ್ ಏನು ಹೇಳಿದನೋ ಗೊತ್ತಿಲ್ಲ. ಮರುದಿನ ನನ್ನ ಮಗ ಆಡುಗಳ ಚಳಿಗಾಲದ ಮೇವಿಗೆ ಹುಲ್ಲು ಕೊಯ್ಯಲು ಹೋದ.

ಚೀಸನ್ನೂ ಪರೀಕ್ಷೆಗೆ ಕೊಟ್ಟು, ಸರಿ ಎಂದ ಮೇಲೆ ಕಳಿಸುತ್ತಿದ್ದೇನೆ. ಮುಷ್ಟಿಯಷ್ಟಲ್ಲ. ಇಡೀ ಅಚ್ಚು. ತಿನ್ನು.

ರಾಗ್ನಾ


ಓಲೆಸುಂದ್,
ಸೆಪ್ಟೆಂಬರ್ 23, 1990

ರಾಗ್ನಕ್ಕಾ,

ಚೀಸ್ ಬಂತು. ಪೋಸ್ಟ್‌ಮ್ಯಾನ್ ಮೆಟ್ಟಿಲು ಹತ್ತುವಾಗಲೇ ನನಗೆ ವಾಸನೆ ಗೊತ್ತಾಯಿತು. ಯೋಸ್ತೈನ್ ಇದೆಲ್ಲ ನನ್ನ ಭ್ರಮೆ ಎನ್ನುತ್ತಾನೆ, ಆದರೆ ಕಿಟಕಿ ಬಿಟ್ಟು ಎದ್ದು ಬಂದವನು ಅವನೇ.

ನಿನಗೆ ಒಂದು ಮಾತು ಹೇಳಿರಲಿಲ್ಲ. ನನಗೆ ಕಂದು ಚೀಸ್ ಕೂಡದು. ಮೊದಲ ಸಲ ಪುಡಿ ಕೊಟ್ಟ ದಿನವೇ ಡಾಕ್ಟರು ಹೇಳಿದ್ದರು. ಆ ತಿಳಿ ಕುದಿದು ಗಟ್ಟಿಯಾಗುವಾಗ ನನ್ನ ಕಿಡ್ನಿಗೆ ಆಗದ ಉಪ್ಪುಗಳೂ ಅದರಲ್ಲೇ ಕೂತುಬಿಡುತ್ತವಂತೆ. ಆಲೂಗಡ್ಡೆಗಿಂತ ಅದು ಕೆಟ್ಟದ್ದಂತೆ.

ಯಾಕೆ ಕೇಳಿದೆ ಎನ್ನುತ್ತೀಯಾ? ನೀನು ಆಡುಗಳನ್ನು ಬಿಟ್ಟುಕೊಡುವೆ ಎಂದು ನನಗೆ ಹೆದರಿಕೆಯಿತ್ತು. ತಂಗಿಗೇ ಬೇಡವಾದ ಮೇಲೆ ಯಾರಿಗೆ ಮಾಡಲಿ ಎಂದು ಕಡಾಯಿ ಬೋರಲು ಹಾಕಿ ಇಳಿದುಬಿಡುತ್ತಿದ್ದೆ ನೀನು. ನಿನ್ನನ್ನು ನಾನು ಬಲ್ಲೆ. ಆ ಹಟ್ಟಿಯಲ್ಲಿ ಬೆಳಕು ಇದೆ ಎಂದು ಗೊತ್ತಿದ್ದರೆ ನನಗೆ ಇಲ್ಲಿ ನಿದ್ದೆ ಬರುತ್ತದೆ. ಅಷ್ಟಕ್ಕೇ ಕೇಳಿದೆ.

ಹೊಸ ವರ್ಷದಿಂದ ನನ್ನನ್ನು ರಕ್ತ ತೊಳೆಯುವ ಯಂತ್ರಕ್ಕೆ ಹಚ್ಚುತ್ತಾರೆ, ವಾರಕ್ಕೆ ಮೂರು ಸಲ. ಡಾಕ್ಟರು ನೋಡೋಣ ಎಂದದ್ದು ಅದನ್ನೇ.

ನಿನ್ನ ಚೀಸನ್ನು ಆಸ್ಪತ್ರೆಗೆ ಒಯ್ದೆ. ಕಿಡ್ನಿ ಸರಿಯಾಗಿರುವವರೆಲ್ಲ ತಿಂದರು. ನರ್ಸಮ್ಮ ಮೂರು ಸಲ ಬಂದಳು. ನನಗೂ ಹೆರೆದ ಒಂದು ಚೂರು ಕೊಟ್ಟಳು, ಬೆಳಕಿಗೆ ಹಿಡಿದರೆ ಆಚೆ ಕಾಣುವಷ್ಟು ತೆಳ್ಳಗೆ, ಎದುರಿಗೇ ಪುಡಿಯ ಲೋಟ ಹಿಡಿದು ನಿಂತುಕೊಂಡು. ತೆಳು ರೊಟ್ಟಿಯ ಮೇಲಿಟ್ಟು ತಿಂದೆ. ಅಕ್ಕಾ, ಅದೇ ರುಚಿ. ಏನೂ ಹೋಗಿಲ್ಲ.

ಒಂದು ತುಂಡು ಅಪ್ಪನ ಪೆಟ್ಟಿಗೆಯಲ್ಲಿದೆ. ಬೆಳಿಗ್ಗೆ ಎದ್ದು ಮುಚ್ಚಳ ತೆಗೆದು ಮೂಸಿ ಮುಚ್ಚುತ್ತೇನೆ. ಅದಕ್ಕೆ ಯಾವ ಡಾಕ್ಟರೂ ಅಡ್ಡಿ ಮಾಡುವುದಿಲ್ಲ.

ಕೋಪ ಮಾಡಿಕೊಳ್ಳಬೇಡ.

ಗೂರೋ


ಲಾಂಗ್‌ಸ್ಟೋಲ್ ಹಟ್ಟಿ,
ಸೆಪ್ಟೆಂಬರ್ 27, 1990

ಗೂರೋ,

ಕಳ್ಳಿ. ಇಡೀ ಬೇಸಿಗೆ ಬರಿಗೈ ಚಾಚಿ ನನ್ನನ್ನು ಕರೆದೆಯಲ್ಲ. ನಾನೂ ಬಂದೆ ನೋಡು.

ಪತ್ರ ಓದಿ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಎಂಬ್ರಿಕ್ ನನ್ನನ್ನೇ ನೋಡುತ್ತಿದ್ದ, ಮಾತಾಡದಿರುವುದು ಅವನ ಪಾಲಿನ ಕೆಲಸ ಎನ್ನುವ ಹಾಗೆ. ಕೊನೆಗೆ ಅವನೇ, "ಚಿಕ್ಕಮ್ಮನ್ನ ಕರ್ಕೊಂಡು ಬರ್ಲಾ?" ಅಂದ.

ಆಡುಗಳನ್ನು ಇಳಿಸುವುದನ್ನು ಹತ್ತು ದಿನ ಮುಂದೆ ಹಾಕಿದ್ದೇವೆ. ಹಿಮ ಬೀಳುತ್ತದೆ ಎಂದು ತೂರಿಡ್ ಹೆದರಿಸುತ್ತಿದ್ದಾಳೆ, ಬೀಳಲಿ. ಎಂಬ್ರಿಕ್ ಭಾನುವಾರ ನಿಮ್ಮ ಬಾಗಿಲಿಗೆ ಕಾರು ತರುತ್ತಾನೆ. ಡಾಕ್ಟರಿಗೆ ಹೇಳಿ, ಪುಡಿ ಕಟ್ಟಿಕೊಂಡು, ನಿನ್ನ ಗಂಡನನ್ನೂ ಕಿಟಕಿಯಿಂದ ಬಿಡಿಸಿಕೊಂಡು ಹೊರಡು. ಕಾರು ಹೋಗದ ಕಡೆ ಎಂಬ್ರಿಕ್ ಎತ್ತಿಕೊಂಡು ಬರುತ್ತಾನೆ, ನೀನೇನು ಭಾರ.

ಕೊನೆಯ ಕಡಾಯಿ ಒಂದು ಉಳಿದಿದೆ. ನಿನಗೆ ತಿನ್ನಲು ಕೊಡುವುದಿಲ್ಲ, ಹೆದರಬೇಡ. ಒಲೆಯ ಪಕ್ಕ ಕೂತು ತಿರುವು. ಚಿಕ್ಕವಳಿದ್ದಾಗ ಸೌಟು ಹಿಡಿ ಎಂದರೆ ಹೊಳೆಗೆ ಓಡಿಹೋಗುತ್ತಿದ್ದೆಯಲ್ಲ, ಆ ಬಾಕಿ ಹಾಗೇ ಇದೆ. ಸಂಜೆ ಬಂಡೆಯ ಹತ್ತಿರ ಹೋಗಿ ಇಬ್ಬರೂ ಕರೆಯೋಣ. ಡೊಕ್ಕಾ ಬರುತ್ತಾಳೆ.

ಅಪ್ಪನ ಪೆಟ್ಟಿಗೆ ತರಬೇಡ. ಅದು ನಿನ್ನದು, ಅಲ್ಲೇ ಇರಲಿ. ನನಗೆ ಉಡುಗೊರೆ ಅದೂ ಇದೂ ಎಂದು ಮೀನು ಕಟ್ಟಿಸಿಕೊಂಡು ಬರುವುದೂ ಬೇಡ.

ಬರಿಗೈಯಲ್ಲೇ ಬಾ.

ನಿನ್ನ ಅಕ್ಕ,
ರಾಗ್ನಾ